ಎಂಟು ಕಿಲೋದ ಹೊಟ್ಟೆಕಿಚ್ಚು

ಇಷ್ಟಕ್ಕೆಲ್ಲ ಮೂಲ ಒಂದು ಕಿರುಬೆರಳು.

ಆ ಶನಿವಾರ ಬೆಳಿಗ್ಗೆ ಗುಮಾಸ್ತರು ಮನೆ ಬಾಗಿಲಲ್ಲಿ ಸ್ಟೂಲಿನ ಮೇಲೆ ಕೂತು ಬೂಟಿನ ಲೇಸು ಕಟ್ಟಲು ಪರದಾಡುತ್ತಿದ್ದರು. ಕಣ್ಣಿಗೂ ಬೂಟಿಗೂ ನಡುವೆ ಹೊಟ್ಟೆ ಅಡ್ಡ ಬರುತ್ತಿದ್ದುದರಿಂದ ಲೇಸನ್ನು ನೋಡದೆ, ಕೈಯ ಅಂದಾಜಿನ ಮೇಲೆಯೇ ಕಟ್ಟುವುದು ಅವರಿಗೆ ರೂಢಿಯಾಗಿತ್ತು. ಅದೇ ಹೊತ್ತಿಗೆ ಮಹಡಿ ಮೆಟ್ಟಿಲಿಳಿದು ಕ್ಯಾಷಿಯರ್ ಬಂದರು. ಅವರ ಹೊಸ ಸೈಕಲ್ಲು ಬಲಗೈಯ ಕಿರುಬೆರಳಿಗೆ ಕೈಚೀಲದ ಹಾಗೆ ನೇತುಬಿದ್ದಿತ್ತು.

"ಏನ್ ಗುಮಾಸ್ತ್ರೇ, ಇನ್ನೂ ಕಟ್ತಾನೇ ಇದೀರಾ? ಬೇಗ ಬನ್ನಿ, ಇವತ್ತು ತಡ ಮಾಡೋ ಹಾಗಿಲ್ಲ" ಎಂದವರು, ಯಾರೂ ಕೇಳದಿದ್ದರೂ ಬೆರಳನ್ನೊಮ್ಮೆ ಮೇಲೆತ್ತಿ ಇಳಿಸಿ, "ಎಂಟೇ ಕಿಲೋ ನೋಡಿ!" ಎಂದರು.

ಗುಮಾಸ್ತರ ಹೆಂಡತಿ ಒಳಗಿನಿಂದ ಇಣುಕಿದರು. "ಅಬ್ಬಾ, ಒಂದೇ ಬೆರಳಲ್ಲಿ!"

ಆ ಮಾತು ಗಂಡನ ಎದೆಗೆ ಮುಳ್ಳಿನಂತೆ ನಾಟಿತು. ಮದುವೆಯಾದ ಹದಿನೆಂಟು ವರ್ಷಗಳಲ್ಲಿ ಆಕೆ ತಮ್ಮನ್ನು ನೋಡಿ 'ಅಬ್ಬಾ' ಎಂದದ್ದು ಒಂದೇ ಸಲ, ಕುರ್ಚಿ ಮುರಿದ ದಿನ.

ಇಬ್ಬರದೂ ಒಂದೇ ಕಟ್ಟಡ. ಕ್ಯಾಷಿಯರ್ ಮೇಲೆ, ಗುಮಾಸ್ತರು ಕೆಳಗೆ. ಇಬ್ಬರಿಗೂ ಕೆಲಸ ಒಂದೇ ನೀರು ಸರಬರಾಜು ಕಚೇರಿಯಲ್ಲಿ. ಕ್ಯಾಷಿಯರ್ ಮುಂದಿನ ಕಿಂಡಿಯಲ್ಲಿ ಕೂರುತ್ತಿದ್ದರು, ಗುಮಾಸ್ತರು ಹಿಂದಿನ ದಾಖಲೆ ಕೋಣೆಯಲ್ಲಿ. ಆರು ತಿಂಗಳ ಹಿಂದಿನವರೆಗೆ ಇಬ್ಬರ ಹೊಟ್ಟೆಗಳೂ ಒಂದೇ ಅಚ್ಚಿನಲ್ಲಿ ಹೊಯ್ದಂತಿದ್ದವು. ಅವರ ಸ್ನೇಹ ನಿಂತಿದ್ದದ್ದೇ ಆ ಸಮಾನತೆಯ ಮೇಲೆ. ಆಮೇಲೆ ಕ್ಯಾಷಿಯರ್ ಆ ಸೈಕಲ್ಲು ತಂದರು. ತಿಂಗಳಿಗೊಂದು ತೂತಿನ ಲೆಕ್ಕದಲ್ಲಿ ಅವರ ಬೆಲ್ಟು ಒಳಗೊಳಗೆ ಸರಿಯಿತು. ಗಲ್ಲದ ಕೆಳಗೆ ಕುತ್ತಿಗೆ ಎಂಬುದೊಂದು ಕಾಣಿಸಿಕೊಂಡಿತು. ಗುಮಾಸ್ತರ ಹೊಟ್ಟೆ ಮಾತ್ರ ಇದ್ದಲ್ಲೇ ಇತ್ತು. ಅದರೊಳಗೆ ಕಿಚ್ಚೊಂದು ಹೊಸದಾಗಿ ಸೇರಿಕೊಂಡಿತ್ತು.

ಗುಮಾಸ್ತರ ಸೈಕಲ್ಲು ಮಾವ ಕೊಟ್ಟದ್ದು. ಕಬ್ಬಿಣದ್ದು, ಇಪ್ಪತ್ತೆರಡು ಕಿಲೋ. ಅದರ ಸ್ಟ್ಯಾಂಡು ತೆಗೆದರೆ ಮಲಗಿದ್ದ ಎಮ್ಮೆ ಎದ್ದಂಥ ಸದ್ದಾಗುತ್ತಿತ್ತು. ಆ ಭಾರದ ಮೇಲೆಯೇ ಅವರೊಂದು ಸಿದ್ಧಾಂತ ಕಟ್ಟಿಕೊಂಡಿದ್ದರು. ಕಚೇರಿಯಲ್ಲಿ ಚಹಾದ ಹೊತ್ತಿಗೆ ಅದು ದಿನವೂ ಹೊರಬರುತ್ತಿತ್ತು.

"ವ್ಯಾಯಾಮ ಆಗೋದು ಭಾರದಿಂದ ಕಣ್ರೀ. ನಾನು ಒಂದು ಸಲ ತುಳಿದ್ರೆ ಅವರು ಮೂರು ಸಲ ತುಳಿದ ಹಾಗೆ. ಆ ಗರಿಯಂಥ ಸೈಕಲ್ ನಂಗೆ ಕೊಡಿ, ಆ ನೀರಿನ ಟ್ಯಾಂಕಿನ ದಿಬ್ಬಾನ ಶಿಳ್ಳೆ ಹಾಕ್ಕೊಂಡು ಹತ್ತಿ ತೋರಿಸ್ತೀನಿ."

"ಮೂರು ಪಟ್ಟು ತುಳಿದ್ರೆ ಹೊಟ್ಟೆ ಮೂರು ಪಟ್ಟು ಕರಗ್ಬೇಕಿತ್ತಲ್ಲ?" ಎಂದು ಒಮ್ಮೆ ಕ್ಯಾಷಿಯರ್ ಕೇಳಿದ್ದರು. ಗುಮಾಸ್ತರು ಆ ದಿನ ಚಹಾ ಅರ್ಧಕ್ಕೇ ಬಿಟ್ಟು ಎದ್ದುಹೋಗಿದ್ದರು. ಕ್ಯಾಷಿಯರ್ ದಿನಾ ಬೆಳಿಗ್ಗೆ ಒಂದು ಗಂಟೆ ಊರು ಸುತ್ತುತ್ತಾರೆ, ತಾವು ತುಳಿಯುವುದು ಮನೆಯಿಂದ ಕಚೇರಿಗೆ ಐದೇ ನಿಮಿಷ, ಅದರಲ್ಲೂ ಮೂರು ನಿಮಿಷ ಇಳಿಜಾರು ಎಂಬ ಸಂಗತಿಯನ್ನು ಸಿದ್ಧಾಂತದೊಳಗೆ ಸೇರಿಸಲು ಅವರಿಗೆ ಇನ್ನೂ ಪುರಸೊತ್ತಾಗಿರಲಿಲ್ಲ.

ಆ ಶನಿವಾರ ಕಚೇರಿಯಲ್ಲಿ ಆರೋಗ್ಯ ದಿನ. ಮನೆಯವರಿಗೂ ಕರೆ ಇತ್ತು. ಡಾಕ್ಟರಮ್ಮ ಬಂದು ಎಲ್ಲರ ತೂಕ, ರಕ್ತದೊತ್ತಡ ನೋಡುವುದು. ಹನ್ನೊಂದು ಗಂಟೆಗೆ ಮನಸ್ಸಿದ್ದವರು ಕಚೇರಿಯ ಗೇಟಿನಿಂದ ನೀರಿನ ಟ್ಯಾಂಕಿನ ದಿಬ್ಬದವರೆಗೆ ಸೈಕಲ್ ತುಳಿದು ವಾಪಸ್ಸು ಬರುವುದು. ಬಂದ ಕೂಡಲೇ ಒಮ್ಮೆ, ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ನಾಡಿ ಎಣಿಸುತ್ತಾರೆ. ಯಾರ ನಾಡಿ ಬೇಗ ಕೆಳಗಿಳಿಯುತ್ತದೋ ಅವರೇ ಗಟ್ಟಿಗರು. ಇಷ್ಟೇ ಆಗಿದ್ದರೆ ಗುಮಾಸ್ತರು ಸಹಿಸುತ್ತಿದ್ದರೇನೋ. ಆದರೆ ಗೆದ್ದವರ ಫೋಟೋವನ್ನು ಒಂದು ವರ್ಷ ಹಜಾರದ ಗೋಡೆಗೆ ಹಾಕುವುದಾಗಿ ಮ್ಯಾನೇಜರ್ ಹೇಳಿಬಿಟ್ಟಿದ್ದರು. ಆ ಗೋಡೆ ಇದ್ದದ್ದು ದಾಖಲೆ ಕೋಣೆಯ ಬಾಗಿಲಿಗೆ ಸರಿಯಾಗಿ ಎದುರು. ಒಂದು ವರ್ಷ! ಕಡತದಿಂದ ತಲೆ ಎತ್ತಿದಾಗಲೆಲ್ಲ ಕ್ಯಾಷಿಯರ್ ಮುಖ, ಆ ಹೊಸ ಕುತ್ತಿಗೆ ಸಮೇತ!

ಹತ್ತು ಗಂಟೆಗೆ ಎಲ್ಲರೂ ಮುಂದಿನ ಅಂಗಳದಲ್ಲಿ ತೂಕಕ್ಕೆ ಸಾಲು ನಿಂತಿದ್ದಾಗ ಗುಮಾಸ್ತರು ಮೆಲ್ಲನೆ ಹಿಂದಕ್ಕೆ ಸರಿದರು. ಸ್ಟ್ಯಾಂಡಿನಲ್ಲಿ ನಿಲ್ಲಿಸಿದರೆ ಬೇರೆ ಸೈಕಲ್ಲು ತಾಗಿ ಗೀರು ಬೀಳುತ್ತದೆಂದು ಕ್ಯಾಷಿಯರ್ ತಮ್ಮದನ್ನು ದಾಖಲೆ ಕೋಣೆಯ ಹೊರಗೆ ಗೋಡೆಗೆ ಒರಗಿಸಿ ಹೋಗಿದ್ದರು. ಗುಮಾಸ್ತರು ಅದನ್ನು ಒಳಗೆ ತಂದರು. ತರುವಾಗ, ಸುತ್ತಲೂ ಯಾರೂ ಇಲ್ಲದ್ದು ನೋಡಿ, ಒಂದೇ ಕೈಯಲ್ಲಿ ಎತ್ತಿ ನೋಡಿದರು. ಹೂವಿನ ಹಾಗೆ ಎದ್ದುಬಂತು. ಒಂದು ಕ್ಷಣ ಅವರಿಗೆ ಎಲ್ಲಿಲ್ಲದ ಸಂತೋಷವಾಯಿತು. ಮರುಕ್ಷಣವೇ, ಈ ಸಂತೋಷ ಆ ಮನುಷ್ಯನಿಗೆ ದಿನಾ ಎರಡು ಹೊತ್ತು ಸಿಗುತ್ತದಲ್ಲ ಎಂದು ನೆನೆದು ಹೊಟ್ಟೆ ಇಮ್ಮಡಿ ಉರಿಯಿತು.

ದಾಖಲೆ ಕೋಣೆಯ ಮೂಲೆಯಲ್ಲಿ ಒಂದು ಗೋಣಿಚೀಲವಿತ್ತು. ಹಳೆಯ ನೀರಿನ ಮೀಟರುಗಳಿಂದ ಕತ್ತರಿಸಿ ತೆಗೆದ ಸೀಸದ ಸೀಲುಗಳು ಅದರಲ್ಲಿ ತುಂಬಿದ್ದವು. ನೋಡಲು ಕಾಳಿನಷ್ಟು, ತೂಕದಲ್ಲಿ ಕಲ್ಲಿಗೂ ಅಪ್ಪ. ಗುಮಾಸ್ತರು ಸೀಟು ಬಿಗಿಯುವ ಹಿಡಿಕೆ ಸಡಿಲಿಸಿ ಎಳೆದರು. ಸೀಟು ತನ್ನ ಸರಳಿನ ಸಮೇತ ಕೈಗೆ ಬಂತು. ಕೆಳಗೆ ಪೊಳ್ಳು ಕೊಳವೆ ಬಾಯಿ ತೆರೆದು ನಿಂತಿತು. ಹಳೆಯ ಸುತ್ತೋಲೆಯೊಂದನ್ನು ಲಾಳಿಕೆಯ ಹಾಗೆ ಸುತ್ತಿ, ಹಿಡಿ ಹಿಡಿಯಾಗಿ ಸೀಸ ಸುರಿದರು. ಹೊಟ್ಟೆಯೊಳಗೆ ಆರು ತಿಂಗಳಿಂದ ಉರಿಯುತ್ತಿದ್ದುದು ಹಿಡಿಗೊಂದಿಷ್ಟು ತಣ್ಣಗಾದಂತೆನಿಸಿತು. ಸದ್ದಾಗದಿರಲೆಂದು ಕಡೆಗೆ ಕಡತ ಒರೆಸುವ ಬಟ್ಟೆಯ ತುಂಡೊಂದನ್ನು ತುರುಕಿದರು.

ಇನ್ನೇನು ಸೀಟು ಮತ್ತೆ ಕೂರಿಸಬೇಕು, ಬಾಗಿಲಲ್ಲಿ ಮ್ಯಾನೇಜರ್!

"ಏನ್ರೀ ಮಾಡ್ತಿದೀರಾ?"

ಗುಮಾಸ್ತರ ಒಂದು ಕೈಯಲ್ಲಿ ಸೀಟು, ಇನ್ನೊಂದರಲ್ಲಿ ಬಟ್ಟೆಯ ಉಳಿದರ್ಧ. "ಧೂಳು... ಧೂಳಿತ್ತು ಸಾರ್. ಒರೆಸ್ತಾ ಇದ್ದೆ."

"ಇದು ನಿಮ್ಮ ಸೈಕಲ್ ಅಲ್ಲವಲ್ಲ?"

"ಅಲ್ಲ ಸಾರ್. ಕ್ಯಾಷಿಯರ್ದು."

ಮ್ಯಾನೇಜರ್ ಕನ್ನಡಕ ತೆಗೆದರು. ಅವರ ಕಣ್ಣು ಒದ್ದೆಯಾಗಿತ್ತು. "ನಿಮಗೆ ಅವರನ್ನ ಕಂಡ್ರೆ ಹೊಟ್ಟೆಕಿಚ್ಚು ಅಂತ ಇಡೀ ಆಫೀಸು ಮಾತಾಡತ್ತೆ. ನಾನೂ ನಂಬಿದ್ದೆ, ಕ್ಷಮಿಸಿ. ಎದುರಾಳಿಯ ಸೈಕಲ್ಲನ್ನ, ಅದೂ ಯಾರಿಗೂ ಹೇಳದೆ, ಸೀಟು ಬಿಚ್ಚಿ ಒರೆಸೋರು ಇದೀರಲ್ರೀ! ಇದನ್ನ ನಾನು ಸುಮ್ನೆ ಬಿಡಲ್ಲ. ಎಲ್ರಿಗೂ ಹೇಳ್ತೀನಿ."

"ಅಯ್ಯೋ, ದಯವಿಟ್ಟು ಬೇಡ ಸಾರ್" ಎಂದರು ಗುಮಾಸ್ತರು. ಅವರು ಮನಸಾರೆ ಬೇಡಿಕೊಂಡದ್ದು ಮ್ಯಾನೇಜರಿಗೆ ವಿನಯದಂತೆ ಕೇಳಿಸಿತು. ಮ್ಯಾನೇಜರ್ ಅಲ್ಲೇ ನಿಂತು ಕಾದದ್ದರಿಂದ ಗುಮಾಸ್ತರು ಸೀಟನ್ನು ತೂರಿಸಿ, ಹಿಡಿಕೆಯನ್ನು ಅರ್ಧಂಬರ್ಧ ಬಿಗಿದು ಹೊರಗೆ ಬರಬೇಕಾಯಿತು.

ಗೇಟಿನ ಬಳಿ ಎಲ್ಲರೂ ಸೇರಿದ್ದರು. ಮ್ಯಾನೇಜರ್ ಸ್ಟೂಲು ಹತ್ತಿ ಕಂಡದ್ದನ್ನೆಲ್ಲ ಬಣ್ಣಿಸಿದರು. ಜನ ಚಪ್ಪಾಳೆ ತಟ್ಟಿದರು. ಕ್ಯಾಷಿಯರ್ ಬಂದು ಗುಮಾಸ್ತರನ್ನು ತಬ್ಬಿಕೊಂಡರು. ಮೊದಲಾದರೆ ಎರಡು ಹೊಟ್ಟೆಗಳು ಅಡ್ಡ ಬಂದು ಅದು ಸಾಧ್ಯವೇ ಆಗುತ್ತಿರಲಿಲ್ಲ.

"ನಿಮ್ಮ ಮನಸ್ಸು ನಂಗೆ ಗೊತ್ತೇ ಆಗಿರ್ಲಿಲ್ಲ ಗುಮಾಸ್ತ್ರೇ. ಇವತ್ತು ನನ್ನ ಸೈಕಲ್ ನೀವು ತಗೊಳ್ಳಿ. ನಿಮ್ದು ನಾನು ತುಳೀತೀನಿ."

ಗುಮಾಸ್ತರು ಎರಡು ಹೆಜ್ಜೆ ಹಿಂದೆ ಸರಿದರು. "ಛೆ ಛೆ, ಬೇಡ. ನಂಗೆ ಸೀಟು ಎತ್ತರ ಆಗತ್ತೆ."

"ಎತ್ತರ ಏನಿಲ್ಲ, ಇಬ್ರೂ ಒಂದೇ ಅಳತೆ" ಎಂದರು ಮ್ಯಾನೇಜರ್. "ಆ ಸೈಕಲ್ ಕೊಟ್ರೆ ಶಿಳ್ಳೆ ಹಾಕ್ಕೊಂಡು ಹತ್ತುತ್ತೀನಿ ಅಂತ ದಿನಾ ಹೇಳ್ತಿದ್ರಲ್ರೀ? ಭಾರದ್ದು ಒಳ್ಳೇದೋ ಹಗುರದ್ದು ಒಳ್ಳೇದೋ, ಇವತ್ತು ಗೊತ್ತಾಗ್ಲಿ!"

"ಹೋಗ್ರೀ, ಅಷ್ಟು ಪ್ರೀತಿಯಿಂದ ಕೊಡ್ತಿದಾರೆ" ಎಂದರು ಹೆಂಡತಿ.

ಗುಮಾಸ್ತರು ಹತ್ತಿ ಕೂತರು. ತಾವು ಸುರಿದ ಒಂದೊಂದು ಹಿಡಿಯೂ ಅಡಿಯಿಂದ ತಮ್ಮನ್ನು ಕೆಳಗೆಳೆಯುತ್ತಿರುವಂತೆ ಅವರಿಗೆ ಭಾಸವಾಯಿತು. ಆದರೆ ಗೇಟು ದಾಟುವಷ್ಟರಲ್ಲಿ ಒಂದು ಲೆಕ್ಕ ಹೊಳೆಯಿತು. ಎಷ್ಟೇ ಸೀಸ ತುಂಬಿದ್ದರೂ ಇದು ಹತ್ತು, ಹನ್ನೊಂದು ಕಿಲೋ. ಕ್ಯಾಷಿಯರ್ ತುಳಿಯುತ್ತಿರುವುದು ಇಪ್ಪತ್ತೆರಡು! ಹಾಗಾದರೆ ಗೆಲುವು ಯಾರದು? ಗೋಡೆಯ ಮೇಲೆ ತಮ್ಮದೇ ಫೋಟೋ ಕಂಡಂತಾಗಿ ಅವರು ಜೋರಾಗಿ ತುಳಿದರು. ಸಮತಟ್ಟು ರಸ್ತೆಯಲ್ಲಿ ಎಲ್ಲರಿಗಿಂತ ಮುಂದೆಯೂ ಹೋದರು. ಹಿಂದೆ ದೂರದಲ್ಲಿ ತಮ್ಮ ಕಬ್ಬಿಣದ ಸೈಕಲ್ಲು ಕಿರುಗುಟ್ಟುವುದು ಕೇಳಿ, ಶಿಳ್ಳೆ ಹಾಕಲೆಂದು ತುಟಿಯನ್ನೂ ಚೂಪು ಮಾಡಿದರು.

ಆಗ ದಿಬ್ಬ ಶುರುವಾಯಿತು.

ಚೂಪಾದ ತುಟಿಯಿಂದ ಶಿಳ್ಳೆಯ ಬದಲು ಉಸಿರು ಬಂತು, ಅದೂ ಒಲೆ ಊದುವ ಸದ್ದಿನಲ್ಲಿ. ಕಾಲಿನ ಮೀನಖಂಡ ಕಲ್ಲಾಯಿತು. ಅರೆಬರೆ ಬಿಗಿದ ಸೀಟು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗತೊಡಗಿ, ಅವರ ಮುಖ ಟ್ಯಾಂಕಿನ ಕಡೆಗಿದ್ದರೆ ಸೊಂಟ ಬೇರೆಲ್ಲೋ ನೋಡುತ್ತಿತ್ತು. ಹಿಂದಿನ ಕಿರುಗುಟ್ಟುವಿಕೆ ಹತ್ತಿರವಾಯಿತು, ಪಕ್ಕಕ್ಕೆ ಬಂತು.

"ನಿಮ್ಮ ಸೈಕಲ್ ಸ್ವಲ್ಪ ಎಣ್ಣೆ ಕೇಳ್ತಿದೆ ಗುಮಾಸ್ತ್ರೇ" ಎಂದರು ಕ್ಯಾಷಿಯರ್. ಅವರ ಹಣೆಯಲ್ಲಿ ಬೆವರಿತ್ತು, ಉಸಿರೂ ಜೋರಾಗಿತ್ತು, ಆದರೆ ಮಾತಾಡಲು ಇನ್ನೂ ಮಿಕ್ಕಿತ್ತು. ಕಬ್ಬಿಣದ ಎಮ್ಮೆ ಅವರ ಅಡಿಯಲ್ಲಿ ಕುದುರೆಯ ಹಾಗೆ ಮುಂದೆ ಹೋಯಿತು. ತಮ್ಮದೇ ಸೈಕಲ್ಲಿನ ಹಿಂಬದಿಯ ಚಕ್ರ ದೂರ ಹೋಗುವುದನ್ನು ಗುಮಾಸ್ತರು ಹದಿನೆಂಟು ವರ್ಷಗಳಲ್ಲಿ ಮೊದಲ ಬಾರಿಗೆ ನೋಡಿದರು. ಕಬ್ಬಿಣಕ್ಕೂ ತಮ್ಮ ಮೇಲೆ ನಿಯತ್ತಿಲ್ಲವಲ್ಲ ಎಂದು ಅವರಿಗೆ ಅಳುವೇ ಬಂತು.

ಟೈಪಿಸ್ಟ್ ದಾಟಿದಳು. ಇನ್ನೊಂದು ವರ್ಷದಲ್ಲಿ ನಿವೃತ್ತಿಯಾಗಲಿದ್ದ ಪಂಪಿನ ಮೇಸ್ತ್ರಿ ಬೀಡಿ ಕಚ್ಚಿಕೊಂಡೇ ದಾಟಿದ. ಗುಮಾಸ್ತರು ಟ್ಯಾಂಕನ್ನು ಮುಟ್ಟಿ ಇಳಿಯುವಾಗ ರಸ್ತೆಯಲ್ಲಿ ಅವರೊಬ್ಬರೇ ಇದ್ದರು. ಇಳಿಜಾರಿನ ಕುಲುಕಾಟಕ್ಕೆ ಒಳಗಿನ ಬಟ್ಟೆ ಜಾರಿ, ಸೈಕಲ್ಲಿನ ಹೊಟ್ಟೆಯಿಂದ 'ಝಲ್ ಝಲ್' ಎಂಬ ಸದ್ದು ಹೊರಟಿತು. ಗೇಟಿನಲ್ಲಿ ಬ್ರೇಕು ಹಿಡಿದರು. ಸೈಕಲ್ಲು ನಿಂತಿತು, ಸೀಟು ನಿಲ್ಲಲಿಲ್ಲ. ಗುಮಾಸ್ತರು ಒಂದು ಕಡೆ, ಸೀಟು ಒಂದು ಕಡೆ, ಸೈಕಲ್ಲು ತಲೆಕೆಳಗಾಗಿ ಇನ್ನೊಂದು ಕಡೆ. ಅದರ ಕೊಳವೆಯಿಂದ ಸೀಸದ ಕಾಳುಗಳು ಸರ್ರನೆ ಸುರಿದು ಮ್ಯಾನೇಜರ್ ಬೂಟಿನವರೆಗೆ ಉರುಳಿಹೋದವು.

ಡಾಕ್ಟರಮ್ಮ ಓಡಿಬಂದು ಮೊದಲು ಮಣಿಕಟ್ಟು ಹಿಡಿದರು. "ನೂರ ಎಪ್ಪತ್ತು" ಎಂದರು. ಒಂದು ನಿಮಿಷ ಕಾದರು. "ನೂರ ಎಪ್ಪತ್ತೆರಡು."

"ಏರಿದ್ಯಾ?" ಎಂದರು ಹೆಂಡತಿ ಗಾಬರಿಯಿಂದ.

ಏರದೆ ಏನು ಮಾಡೀತು? ಮ್ಯಾನೇಜರ್ ಬಗ್ಗಿ ಒಂದು ಕಾಳು ಎತ್ತಿಕೊಂಡಿದ್ದರು. "ಇದು ನಮ್ಮ ಮೀಟರ್ ಸೀಲಲ್ವಾ? ದಾಖಲೆ ಕೋಣೆ ಚೀಲದ್ದು. ಸೈಕಲ್ಲೊಳಗೆ ಹೇಗೆ ಬಂತು?"

ಒಬ್ಬೊಬ್ಬರ ಕಣ್ಣೂ ನಿಧಾನವಾಗಿ ನೆಲದ ಮೇಲೆ ಕೂತಿದ್ದ ಗುಮಾಸ್ತರ ಕಡೆಗೆ ತಿರುಗಿತು. ಕ್ಯಾಷಿಯರ್ ಕೂಡ ಒಂದು ಕಾಳು ಎತ್ತಿ ಅಂಗೈಯಲ್ಲಿಟ್ಟು ನೋಡಿದರು. ಆಮೇಲೆ ಗುಮಾಸ್ತರ ಮುಖ ನೋಡಿದರು. ಸುಣ್ಣದಂತೆ ಬಿಳುಚಿಕೊಂಡ ಆ ಮುಖದಲ್ಲಿ ಏನು ಓದಿಕೊಂಡರೋ, ಅವರ ಮೀಸೆಯ ತುದಿ ಒಂದಿಷ್ಟು ಅಲುಗಿತು. 'ಮುಗೀತು ನನ್ನ ಕತೆ' ಎಂದುಕೊಂಡರು ಗುಮಾಸ್ತರು.

ಕ್ಯಾಷಿಯರ್ ಗಂಟಲು ಸರಿಮಾಡಿಕೊಂಡರು. "ನಾನೇ ಸಾರ್ ತುಂಬಿದ್ದು" ಎಂದರು.

"ನೀವಾ?"

"ಹೌದು ಸಾರ್. ಆರು ತಿಂಗಳಿಂದ. ಹಗುರ ಸೈಕಲ್ಲಲ್ಲಿ ಶ್ರಮ ಸಾಲಲ್ಲ ನೋಡಿ. ಅದಕ್ಕೇ ಒಳಗಡೆ ಸ್ವಲ್ಪ ಭಾರ ಇಟ್ಕೊಂಡಿದ್ದೆ. ಯಾರಿಗೂ ಹೇಳೋದು ಬೇಡ ಅಂತಿದ್ದೆ. ಬಿಸಾಕೋ ಸಾಮಾನಲ್ವಾ, ಕೇಳದೆ ತಗೊಂಡೆ, ತಪ್ಪಾಯ್ತು."

ಆಮೇಲೆ ಬಿದ್ದ ಚಪ್ಪಾಳೆಗೆ ಗೇಟಿನ ಮೇಲಿದ್ದ ಪಾರಿವಾಳಗಳೆಲ್ಲ ಹಾರಿಹೋದವು. "ನೋಡಿದ್ರಾ ಗುಟ್ಟು!" "ಅದಕ್ಕೇ ಕರಗಿದ್ದು!" "ಎಂಥ ತಲೆ ರೀ!" ಎಂಬ ಮಾತುಗಳು ಎಲ್ಲ ಕಡೆಯಿಂದ ಎದ್ದವು. ಗುಮಾಸ್ತರು ಕೇಳುತ್ತಾ ಕೂತಿದ್ದರು. ಭಾರದಿಂದಲೇ ವ್ಯಾಯಾಮ ಎಂದು ಆರು ತಿಂಗಳು ಚಹಾ ಆರಲು ಬಿಟ್ಟು ವಾದಿಸಿದ್ದು ತಾವು! ಆ ಸೀಸವನ್ನು ಕೈ ಕಪ್ಪು ಮಾಡಿಕೊಂಡು ತುಂಬಿದ್ದು ತಾವು! ಸಿದ್ಧಾಂತವೂ ತಮ್ಮದೇ, ಸೀಸವೂ ತಮ್ಮದೇ, ಹೆಸರು ಮಾತ್ರ ಆ ಮನುಷ್ಯನಿಗೆ. 'ಸುಳ್ಳು, ತುಂಬಿದ್ದು ನಾನು' ಎಂಬ ಮಾತು ನಾಲಿಗೆಯ ತುದಿಗೆ ಬಂದು ಅಲ್ಲೇ ಕೂತುಬಿಟ್ಟಿತು. ಉಗುಳುವಂತಿಲ್ಲ, ನುಂಗುವಂತಿಲ್ಲ.

"ಇಲ್ಲಿ ಕೇಳಿ ಒಂದ್ನಿಮಿಷ" ಎಂದು ಡಾಕ್ಟರಮ್ಮ ಕೈಯೆತ್ತಿದರು. "ಎರಡು ಕಿಲೋ ಸೀಸದಿಂದ ಏನೂ ಆಗಲ್ಲ. ಸೈಕಲ್ ಭಾರದ ಜೊತೆ ಮನುಷ್ಯನ ಭಾರಾನೂ ಲೆಕ್ಕ ಹಾಕ್ಬೇಕು. ಎಪ್ಪತ್ತು ಎಂಬತ್ತು ಕಿಲೋ ಮನುಷ್ಯ ಕೂತ ಮೇಲೆ ಅದರಲ್ಲಿ ಎರಡು ಕಿಲೋ ಯಾವ ಮೂಲೆಗೆ? ಸೈಕಲ್ ಭಾರ ಆದ್ರೆ ನೀವು ನಿಧಾನವಾಗಿ ಹೋಗ್ತೀರಿ, ಹಗುರ ಆದ್ರೆ ಬೇಗ ಹೋಗ್ತೀರಿ, ಅಷ್ಟೇ. ಉಸಿರು ಏರೋ ಹಾಗೆ ದಿನಾ ಒಂದರ್ಧ ಗಂಟೆ ತುಳಿದ್ರೆ ಯಾವ ಸೈಕಲ್ಲಾದ್ರೂ ಆದೀತು."

ದಿನಾ ಅರ್ಧ ಗಂಟೆ ಎಂಬ ಮಾತು ಯಾರಿಗೂ ರುಚಿಸಲಿಲ್ಲ. ಸೀಸ ತುಂಬಿಸುವುದು ಎಷ್ಟೋ ಸುಲಭ. ಎಲ್ಲರೂ ಮತ್ತೆ ಕ್ಯಾಷಿಯರ್ ಸುತ್ತ ಮುತ್ತಿದರು. ಅವರ ನಾಡಿ ಒಂದು ನಿಮಿಷದಲ್ಲಿ ಮೂವತ್ತೆಂಟು ಇಳಿದಿತ್ತು, ಅದೂ ಇಪ್ಪತ್ತೆರಡು ಕಿಲೋ ಕಬ್ಬಿಣ ತುಳಿದು. ಫೋಟೋ ತೆಗೆಯುವವನು ಅವರನ್ನು ಹಜಾರಕ್ಕೆ ಕರೆದೊಯ್ದ.

ಮಧ್ಯಾಹ್ನ ಗುಮಾಸ್ತರು ದಾಖಲೆ ಕೋಣೆಯಲ್ಲಿ ತರಚಿದ ಮೊಣಕೈಗೆ ಮುಲಾಮು ಹಚ್ಚಿಕೊಳ್ಳುತ್ತಿದ್ದಾಗ ಕ್ಯಾಷಿಯರ್ ಬಂದರು. ಬಾಗಿಲು ಮುಂದೆ ಮಾಡಿ, ಹತ್ತಿರ ಬಂದು, ದನಿ ತಗ್ಗಿಸಿದರು.

"ಗುಮಾಸ್ತ್ರೇ, ಒಟ್ಟು ಎಷ್ಟು ಹಿಡಿ ಹಾಕಿದ್ರಿ?"

ಮುಲಾಮಿನ ಡಬ್ಬಿ ಗುಮಾಸ್ತರ ಕೈಯಿಂದ ಜಾರಿತು. "ಏನು?"

"ಸೀಸ. ಎಲ್ರೂ ನನ್ನ ಕೇಳ್ತಿದಾರೆ, ಎಷ್ಟು ತುಂಬಬೇಕು ಅಂತ. ಒಬ್ಬೊಬ್ರಿಗೆ ಒಂದೊಂದು ಹೇಳಿದ್ರೆ ಚೆನ್ನಾಗಿರಲ್ಲ."

ಗುಮಾಸ್ತರು ಬಗ್ಗಿ ಡಬ್ಬಿ ಎತ್ತಿಕೊಂಡರು. "ಏಳು" ಎಂದರು.

"ಏಳು. ಸೀಟು ತೆಗೆಯೋದು?"

"ಹಿಡಿಕೆ ಸಡಿಲಿಸಿ ಮೇಲಕ್ಕೆ ಎಳೀಬೇಕು."

ಕ್ಯಾಷಿಯರ್ ಚೀಟಿಯಲ್ಲಿ ಬರೆದುಕೊಂಡರು. "ಇನ್ನೊಂದು ವಿಷಯ. ಆಫೀಸಿನ ಎಲ್ಲಾ ಸೈಕಲ್ಲಿಗೂ ಇವತ್ತೇ ತುಂಬಿಸಿಬಿಡಿ ಅಂತ ಮ್ಯಾನೇಜರ್ ಹೇಳಿದಾರೆ. ನಂಗೆ ಮಸಿ ಕೆಲಸ ಆಗಿಬರಲ್ಲ. ನಿಮಗೆ ಕೈ ಪಳಗಿದೆ."

"ನಾನ್ಯಾಕ್ರೀ ಮಾಡ್ಲಿ?"

"ಬೇಡ ಅಂದ್ರೆ ಬಿಡಿ. ಮ್ಯಾನೇಜರ್ ಇನ್ನೂ ಹಜಾರದಲ್ಲೇ ಇದಾರೆ, ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿ ಬರ್ತೀನಿ."

ಗುಮಾಸ್ತರು ಎದ್ದು ಗೋಣಿಚೀಲವನ್ನು ಬಾಗಿಲಿಗೆ ಎಳೆದರು.

ಹೊರಗೆ ಹದಿನಾಲ್ಕು ಸೈಕಲ್ಲುಗಳು ಸಾಲು ನಿಂತಿದ್ದವು. ಒಂದೊಂದರ ಸೀಟು ಬಿಚ್ಚಿ, ಸುತ್ತೋಲೆ ಸುತ್ತಿ, ಏಳೇಳು ಹಿಡಿ ಸುರಿದು, ಬಟ್ಟೆ ತುರುಕಿ ಅವರು ಮುಂದಕ್ಕೆ ತಳ್ಳುತ್ತಿದ್ದರು. "ಸರಿಯಾಗಿ ಹಾಕಿ ಸಾರ್, ಕ್ಯಾಷಿಯರ್ ಹೇಳಿದ ಅಳತೆ ತಪ್ಪಬಾರ್ದು" ಎಂದಳು ಟೈಪಿಸ್ಟ್. "ಓದಿದವರ ತಲೆನೇ ಬೇರೆ ಬಿಡಿ" ಎಂದ ಮೇಸ್ತ್ರಿ. ಗುಮಾಸ್ತರು ಮುಂದಿನ ಸೈಕಲ್ಲಿನ ಸೀಟು ಎಳೆದರು.

ಸಾಲಿನ ಕಡೆಯ ಸೈಕಲ್ಲು ಕಿರುಗುಟ್ಟುತ್ತಾ ಬಂದು ನಿಂತಿತು. ಅದನ್ನು ಎರಡೂ ಕೈಯಲ್ಲಿ ಹಿಡಿದು ತಳ್ಳಿಕೊಂಡು ಬಂದಿದ್ದವರು ಅವರ ಹೆಂಡತಿ.

"ರೀ, ನಿಮ್ದಕ್ಕೆ ಹದಿನಾಲ್ಕು ಹಿಡಿ ಹಾಕ್ಬೇಕಂತೆ" ಎಂದರು ಆಕೆ. "ಮೇಲಿನ ಮನೆಯವರು ನಿಮ್ಮ ಮೇಲಿನ ಅಭಿಮಾನಕ್ಕೆ ನನ್ನ ಪಕ್ಕಕ್ಕೆ ಕರೆದು ಹೇಳಿದ್ರು."